ಊರಿನ ಅಧಿಕಾರ ಊರಿನವರ ಕೈಗೆ: ‘ನೀರ್ ಸಾಬ್’ ಅಬ್ದುಲ್ ನಜೀರ್ ಸಾಬ್

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದಿಲ್ಲಿಗಳಲ್ಲಿ ನೆಲೆಸಿರುವ ಕನ್ನಡಿಗರು ರಜೆಗೆಂದು ಹುಟ್ಟೂರಿಗೆ ಹೋದಾಗ ಅಲ್ಲಿ ಕಾಣುವ ಎರಡು ಸಂಗತಿಗಳ ಹಿಂದೆ ಒಬ್ಬನೇ ವ್ಯಕ್ತಿಯ ದುಡಿಮೆ ಇದೆ. ಒಂದು, ಕೇರಿಯ ಮೂಲೆಯಲ್ಲಿ ನಿಂತಿರುವ ಕೊಳವೆ ಬಾವಿಯ ಹಳೆಯ ಕೈಪಂಪು. ಇನ್ನೊಂದು, ಪಂಚಾಯತ್ ಕಚೇರಿಯ ಗೋಡೆಯ ಮೇಲೆ ಸಾಲಾಗಿ ಬರೆದಿರುವ ಅಧ್ಯಕ್ಷರ ಹೆಸರುಗಳ ನಡುವೆ ಕಾಣುವ ಮಹಿಳೆಯರ ಹೆಸರುಗಳು. ಆ ವ್ಯಕ್ತಿ ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್. ಜನ ಅವರನ್ನು ಪ್ರೀತಿಯಿಂದ ಕರೆದದ್ದು ‘ನೀರ್ ಸಾಬ್’ ಎಂದು. ಊರಿನ ಜನ ತಮ್ಮೂರಿನ ಆಡಳಿತಕ್ಕೆ ತಾವೇ ಚುನಾವಣೆಗೆ ನಿಲ್ಲಬೇಕು, ಅದರಲ್ಲೂ ಎಂದೂ ನಿಲ್ಲದವರು ನಿಲ್ಲಬೇಕು ಎಂಬುದನ್ನು ಭಾಷಣಕ್ಕೆ ಬಿಡದೆ ಕಾನೂನಾಗಿಸಿದ ಸಚಿವರು ಅವರು. 1988ರ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡರು. ಇಷ್ಟು ವರ್ಷಗಳ ಬಳಿಕವೂ ಗ್ರಾಮ ಸ್ವರಾಜ್ಯದ ಮಾತು ಬಂದಾಗಲೆಲ್ಲ ಕರ್ನಾಟಕದಲ್ಲಿ ಅವರ ಹೆಸರು ಬಾರದೆ ಇರುವುದಿಲ್ಲ.

ಗಡಿ ತಾಲೂಕಿನ ಮಗ

ಗುಂಡ್ಲುಪೇಟೆ ಆಗ ಮೈಸೂರು ಜಿಲ್ಲೆಗೆ ಸೇರಿದ್ದ ತಾಲೂಕು. 1997ರಲ್ಲಿ ಚಾಮರಾಜನಗರ ಜಿಲ್ಲೆ ರಚನೆಯಾದಾಗ ಅದರ ಭಾಗವಾಯಿತು. ಒಂದು ಕಡೆ ಬಂಡೀಪುರದ ಕಾಡು, ಇನ್ನೊಂದು ಕಡೆ ಮಳೆ ನೆಚ್ಚಿದ ಹೊಲಗಳು. ಊಟಿಗೆ ಹೋಗುವ ರಸ್ತೆ, ವಯನಾಡಿಗೆ ಹೋಗುವ ರಸ್ತೆ ಎರಡೂ ಇಲ್ಲಿಂದಲೇ ಹಾದುಹೋಗುತ್ತವೆ. ಕೇರಳ, ತಮಿಳುನಾಡು ಎರಡೂ ರಾಜ್ಯಗಳ ಗಡಿ ಹತ್ತಿರ. ಬೇಸಿಗೆ ಬಂತೆಂದರೆ ಹೆಂಗಸರು ಕೊಡ ಹೊತ್ತು ದೂರ ನಡೆಯಬೇಕಾದ ಸೀಮೆ ಅದು. ಇಂಥ ಊರಿನಿಂದ ಬಂದವರಿಗೆ ಕುಡಿಯುವ ನೀರು ಅಂದರೆ ಏನೆಂದು ವಿವರಿಸಿ ಹೇಳಬೇಕಾಗಿರಲಿಲ್ಲ.

1983ರ ಜನವರಿಯಲ್ಲಿ ಕರ್ನಾಟಕದ ರಾಜಕೀಯ ಇತಿಹಾಸದಲ್ಲಿ ಹೊಸ ಪುಟವೊಂದು ತೆರೆಯಿತು. ರಾಜ್ಯದಲ್ಲಿ ಮೊದಲ ಬಾರಿಗೆ ಕಾಂಗ್ರೆಸ್ಸೇತರ ಸರಕಾರ ಬಂದು ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಗಳಾದರು. ಆ ಸರಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆ ನಜೀರ್ ಸಾಬ್ ಅವರ ಪಾಲಿಗೆ ಬಂತು. ರಾಜಕಾರಣಿಗಳು ಬಾಯಿಬಿಟ್ಟು ಕೇಳುವಂಥ ಖಾತೆ ಅಂದು ಅದಾಗಿರಲಿಲ್ಲ. ಕೈಗಾರಿಕೆ, ಕಂದಾಯ, ಲೋಕೋಪಯೋಗಿಗಳ ಮುಂದೆ ಅದಕ್ಕೆ ಯಾವ ವರ್ಚಸ್ಸೂ ಇರಲಿಲ್ಲ. ಐದಾರು ವರ್ಷಗಳಲ್ಲಿ ಅದನ್ನು ನಾಡೇ ತಿರುಗಿ ನೋಡುವ ಖಾತೆಯನ್ನಾಗಿ ಮಾಡಿದ ಹೆಗ್ಗಳಿಕೆ ನಜೀರ್ ಸಾಬ್ ಅವರದ್ದು.

ಮೊದಲು ನೀರು

ಎಂಬತ್ತರ ದಶಕದಲ್ಲಿ ಕರ್ನಾಟಕವನ್ನು ಮೇಲಿಂದ ಮೇಲೆ ಬರ ಕಾಡಿತು. ಕೆರೆಗಳು ಬತ್ತಿದವು, ತೆರೆದ ಬಾವಿಗಳ ತಳ ಕಂಡಿತು. ಆ ದಿನಗಳಲ್ಲಿ ಹಳ್ಳಿ ಹಳ್ಳಿಗೆ ಕೊಳವೆ ಬಾವಿ ಕೊರೆಸಿ ಕೈಪಂಪು ಹಾಕಿಸುವ ಕೆಲಸವನ್ನು ನಜೀರ್ ಸಾಬ್ ಪಟ್ಟುಹಿಡಿದು ಮಾಡಿಸಿದರು. ಬೋರಿಂಗ್ ಲಾರಿಯ ಸದ್ದು ಆ ಕಾಲದ ಹಳ್ಳಿಗಳಲ್ಲಿ ಹಬ್ಬದ ಸದ್ದಿನಂತೆ ಕೇಳಿಸುತ್ತಿತ್ತು. ಬಂಡೆ ಸೀಳಿ ಕೆಸರು ನೀರು ಚಿಮ್ಮಿದಾಗ ಮಕ್ಕಳು ಮುದುಕರೆನ್ನದೆ ಎಲ್ಲರೂ ಬಂದು ನಿಲ್ಲುತ್ತಿದ್ದರು. ನಜೀರ್ ಸಾಬ್ ಎಂಬ ಹೆಸರು ಜನರ ಬಾಯಲ್ಲಿ ‘ನೀರ್ ಸಾಬ್’ ಎಂದಾದದ್ದು ಹೀಗೆ. ಯಾವ ಸಂಘ ಸಂಸ್ಥೆಯೂ ವೇದಿಕೆ ಕಟ್ಟಿ ಶಾಲು ಹೊದೆಸಿ ಕೊಟ್ಟ ಬಿರುದಲ್ಲ ಇದು. ಕೊಡ ತುಂಬಿಸಿಕೊಂಡವರು ಕೊಟ್ಟ ಹೆಸರು.

ಹೀಗೆ ಊರೂರಿನಲ್ಲಿ ನಿಂತ ಕೈಪಂಪಿಗೂ ಹೊರನಾಡ ಕನ್ನಡಿಗರಿಗೂ ಒಂದು ನಂಟಿದೆ. ದೇಶದ ತುಂಬ ಹರಡಿದ ‘ಇಂಡಿಯಾ ಮಾರ್ಕ್ ಟು’ ಪಂಪಿನ ಮೂಲರೂಪ ತಯಾರಾದದ್ದು ಮಹಾರಾಷ್ಟ್ರದ ಸೋಲಾಪುರದಲ್ಲಿ, ಕನ್ನಡ ಮಾತು ಇಂದಿಗೂ ಕೇಳಿಬರುವ ಆ ಗಡಿನಾಡಿನಲ್ಲಿ. ಅಲ್ಲಿನ ‘ಸೋಲಾಪುರ ಪಂಪು’ ಸುಧಾರಿಸಿ ಎಪ್ಪತ್ತರ ದಶಕದಲ್ಲಿ ಹೊಸ ಪಂಪು ಸಿದ್ಧವಾಯಿತು.

ಆದರೆ ನೀರಿನ ಕೆಲಸವೇ ಮುಂದಿನ ದೊಡ್ಡ ಪ್ರಶ್ನೆಯನ್ನು ಎತ್ತಿತು. ಬಾವಿ ಕೊರೆಯುವುದು ಒಂದೆರಡು ದಿನದ ಕೆಲಸ. ಅದನ್ನು ನಡೆಸಿಕೊಂಡು ಹೋಗುವುದು ವರ್ಷಗಟ್ಟಲೆಯ ಕೆಲಸ. ಪಂಪಿನ ವಾಷರ್ ಸವೆದರೆ ಯಾರಿಗೆ ಹೇಳಬೇಕು? ಬಾವಿ ಕೊರೆಯುವ ಜಾಗ ಸಾಹುಕಾರರ ಮನೆ ಮುಂದೆಯೋ, ದಲಿತರ ಕೇರಿಯಲ್ಲೋ ಎಂದು ತೀರ್ಮಾನಿಸುವವರು ಯಾರು? ತಾಲೂಕು ಕೇಂದ್ರದಲ್ಲಿ ಕುಳಿತ ಅಧಿಕಾರಿಗೆ ನೂರಾರು ಹಳ್ಳಿ. ಬೆಂಗಳೂರಿನಲ್ಲಿ ಕುಳಿತ ಸಚಿವರಿಗೆ ಸಾವಿರಾರು ಹಳ್ಳಿ. ಉತ್ತರ ಊರಿನಲ್ಲೇ ಇರಬೇಕಿತ್ತು. ಊರಿನವರೇ ಆರಿಸಿದ, ಊರಿನವರಿಗೇ ಲೆಕ್ಕ ಒಪ್ಪಿಸಬೇಕಾದ, ಕೈಯಲ್ಲಿ ಹಣವೂ ಅಧಿಕಾರವೂ ಇರುವ ಸಭೆಯೊಂದು ಬೇಕಿತ್ತು.

ಹಳೆಯ ವ್ಯವಸ್ಥೆ ಹೇಗಿತ್ತು?

ಮಹಾರಾಷ್ಟ್ರದಲ್ಲಿ ನೆಲೆಸಿದವರಿಗೆ ಜಿಲ್ಲಾ ಪರಿಷತ್ ಎಂಬುದು ಹೊಸ ಮಾತಲ್ಲ. ಅಲ್ಲಿ 1962ರಿಂದಲೇ ಜಿಲ್ಲಾ ಪರಿಷತ್‌ಗಳು ಕೆಲಸ ಮಾಡುತ್ತಿದ್ದವು. ಆದರೆ ಕರ್ನಾಟಕದಲ್ಲಿ 1959ರ ಕಾಯ್ದೆಯಂತೆ ಇದ್ದದ್ದು ಗ್ರಾಮ ಪಂಚಾಯತ್, ತಾಲೂಕು ಬೋರ್ಡ್ ಮತ್ತು ಜಿಲ್ಲಾ ಅಭಿವೃದ್ಧಿ ಮಂಡಳಿ. ಇವುಗಳಲ್ಲಿ ಜಿಲ್ಲಾ ಮಂಡಳಿಗೆ ಜಿಲ್ಲಾಧಿಕಾರಿಯೇ ಅಧ್ಯಕ್ಷ. ಸಲಹೆ ಕೊಡುವುದು, ಪರಿಶೀಲಿಸುವುದು ಬಿಟ್ಟರೆ ಅದಕ್ಕೆ ಹೆಚ್ಚಿನ ಕೆಲಸವಿಲ್ಲ. ಗ್ರಾಮ ಪಂಚಾಯತಿಗೆ ಕೈಯಲ್ಲಿ ಕಾಸಿಲ್ಲ. ಹೀಗಾಗಿ ಊರಿನ ಯಜಮಾನಿಕೆ ಬಹುಪಾಲು ಕಡೆ ಹಿಂದಿನಿಂದ ಬಂದ ದೊಡ್ಡ ಮನೆತನಗಳಲ್ಲೇ ಉಳಿಯುತ್ತಿತ್ತು. ಪಟೇಲ, ಶ್ಯಾನುಭೋಗರ ವಂಶಪಾರಂಪರ್ಯದ ಹುದ್ದೆಗಳು ಅರವತ್ತರ ದಶಕದಲ್ಲೇ ರದ್ದಾಗಿದ್ದರೂ ಅವರ ಮಾತಿನ ತೂಕ ರದ್ದಾಗಿರಲಿಲ್ಲ. ಕೂಲಿಕಾರ, ಹೆಣ್ಣುಮಗಳು, ಹರೆಯದ ಹುಡುಗ ಪಂಚಾಯತ್ ಕಟ್ಟೆಯ ಮೇಲೆ ಕೂರುವುದನ್ನು ಯಾರೂ ಊಹಿಸುತ್ತಿರಲಿಲ್ಲ, ಅವರೂ ಊಹಿಸಿಕೊಳ್ಳುತ್ತಿರಲಿಲ್ಲ.

1978ರಲ್ಲಿ ಅಶೋಕ ಮೆಹ್ತಾ ಸಮಿತಿ ಕೇಂದ್ರಕ್ಕೆ ಕೊಟ್ಟ ವರದಿ ಜಿಲ್ಲಾ ಪರಿಷತ್ ಮತ್ತು ಹಲವು ಹಳ್ಳಿಗಳನ್ನು ಕೂಡಿಸಿದ ಮಂಡಲ ಪಂಚಾಯತ್ ಎಂಬ ಎರಡು ಹಂತಗಳ ವ್ಯವಸ್ಥೆಯನ್ನು ಸೂಚಿಸಿತ್ತು. ಕೇಂದ್ರ, ರಾಜ್ಯಗಳ ಜತೆಗೆ ಜಿಲ್ಲೆ ಮತ್ತು ಹಳ್ಳಿಯೂ ಆಡಳಿತದ ಕಂಬಗಳಾಗಬೇಕು ಎಂಬ ರಾಮಮನೋಹರ ಲೋಹಿಯಾ ಅವರ ‘ಚೌಖಂಬಾ ರಾಜ್ಯ’ದ ಕಲ್ಪನೆ ಕರ್ನಾಟಕದ ಸಮಾಜವಾದಿಗಳಿಗೆ ಮೊದಲಿನಿಂದಲೂ ಪರಿಚಿತ. ಈ ಎರಡೂ ವಿಚಾರಗಳು 1983ರಲ್ಲಿ ವಿಧಾನಸೌಧದೊಳಗೆ ಒಂದು ಮಸೂದೆಯ ರೂಪ ಪಡೆದವು. ಅದರ ಸೂತ್ರ ಹಿಡಿದವರು ನಜೀರ್ ಸಾಬ್.

ಕಾಯ್ದೆಯ ಹಾದಿ ಸುಗಮವಾಗಿರಲಿಲ್ಲ

ಅಧಿಕಾರ ಹಂಚುವ ಮಾತು ಕೇಳಲು ಚೆನ್ನ. ಹಂಚಿ ಕೊಡಬೇಕಾದವರಿಗೆ ಮಾತ್ರ ಅದು ಕಹಿ. ಶಾಲೆಯ ಕಟ್ಟಡ, ರಸ್ತೆ, ಮಾಸ್ತರರ ವರ್ಗಾವಣೆ ಇವೆಲ್ಲ ಜಿಲ್ಲಾ ಪರಿಷತ್ತಿಗೆ ಹೋದರೆ ತಮ್ಮ ಬಳಿ ಉಳಿಯುವುದೇನು ಎಂಬ ಅಳುಕು ಶಾಸಕರಿಗೆ. ಚುನಾಯಿತ ಅಧ್ಯಕ್ಷನ ಕೆಳಗೆ ಕೆಲಸ ಮಾಡಬೇಕಾಗುತ್ತದಲ್ಲ ಎಂಬ ಇರುಸುಮುರುಸು ಅಧಿಕಾರಿಗಳಿಗೆ. ಮಸೂದೆ ರಾಜ್ಯದಲ್ಲಿ ಅಂಗೀಕಾರವಾದರೂ ರಾಷ್ಟ್ರಪತಿಗಳ ಅಂಕಿತ ಬೀಳಲು 1985ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ರಾಜ್ಯದಲ್ಲಿ ಮತ್ತೊಂದು ವಿಧಾನಸಭಾ ಚುನಾವಣೆಯೇ ನಡೆದುಹೋಗಿ ಹೆಗಡೆಯವರು ಬಹುಮತದೊಡನೆ ಮರಳಿ ಬಂದಿದ್ದರು.

ಎಲ್ಲರನ್ನೂ ಸಮಾಧಾನಪಡಿಸಿ ಕಾಯ್ದೆಯನ್ನು ದಡ ಸೇರಿಸಲು ಕೆಲವು ರಾಜಿಗಳೂ ಅಗತ್ಯವಾದವು. ತಾಲೂಕು ಹಂತದಲ್ಲಿ ನೇರ ಚುನಾವಣೆಯಿಲ್ಲದ ಪಂಚಾಯತ್ ಸಮಿತಿ ಉಳಿಯಿತು. ಅದಕ್ಕೆ ಶಾಸಕರೇ ಅಧ್ಯಕ್ಷರು. ಆದರೆ ಮುಖ್ಯ ವಿಷಯಗಳಲ್ಲಿ ಕಾಯ್ದೆ ಬಗ್ಗಲಿಲ್ಲ. ಸುಮಾರು 8 ಸಾವಿರದಿಂದ 12 ಸಾವಿರ ಜನಸಂಖ್ಯೆಗೆ ಒಂದು ಮಂಡಲ ಪಂಚಾಯತ್, ಜಿಲ್ಲೆಗೆ ಒಂದು ಜಿಲ್ಲಾ ಪರಿಷತ್. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಜಿಲ್ಲಾಧಿಕಾರಿಗಿಂತ ಹಿರಿಯರಾದ ಐ.ಎ.ಎಸ್. ಅಧಿಕಾರಿಯೊಬ್ಬರು ಪರಿಷತ್ತಿನ ಮುಖ್ಯ ಕಾರ್ಯದರ್ಶಿಯಾಗಿ ಅಧ್ಯಕ್ಷರ ಅಧೀನದಲ್ಲಿ ಕೆಲಸ ಮಾಡಬೇಕು. ಪ್ರಾಥಮಿಕ ಶಾಲೆ, ಆರೋಗ್ಯ ಕೇಂದ್ರ, ಪಶು ಆಸ್ಪತ್ರೆ, ಕುಡಿಯುವ ನೀರು, ಹಳ್ಳಿ ರಸ್ತೆ ಎಲ್ಲವೂ ಸಿಬ್ಬಂದಿ ಹಾಗೂ ಅನುದಾನದ ಸಮೇತ ಪರಿಷತ್ತಿಗೆ ಸೇರಬೇಕು. ಬ್ರಿಟಿಷರ ಕಾಲದಿಂದ ಜಿಲ್ಲೆಯ ದೊರೆಯಂತಿದ್ದ ಜಿಲ್ಲಾಧಿಕಾರಿಯ ಪಕ್ಕದಲ್ಲಿ, ಅಭಿವೃದ್ಧಿಯ ವಿಷಯದಲ್ಲಿ ಅವರಿಗಿಂತ ಮೇಲೆ, ಜನ ಆರಿಸಿದ ಒಬ್ಬ ರೈತನೋ ಮೇಷ್ಟರೋ ವಕೀಲನೋ ಕೂರುವಂತಾದದ್ದು ಸಣ್ಣ ಬದಲಾವಣೆಯಲ್ಲ.

ಎಂದೂ ನಿಲ್ಲದವರು ನಿಂತರು

ಆದರೆ ಈ ಕಾಯ್ದೆಯ ನಿಜವಾದ ಕ್ರಾಂತಿ ಇದ್ದದ್ದು ಅಭ್ಯರ್ಥಿಗಳ ಪಟ್ಟಿಯಲ್ಲಿ. ಒಟ್ಟು ಸ್ಥಾನಗಳಲ್ಲಿ ಶೇಕಡಾ 25ರಷ್ಟನ್ನು ಮಹಿಳೆಯರಿಗೆ ಮೀಸಲಿಡಲಾಯಿತು. ಪರಿಶಿಷ್ಟ ಜಾತಿ, ಪಂಗಡಗಳಿಗೂ ಮೀಸಲಾತಿ ದೊರೆಯಿತು. ಲೋಕಸಭೆ, ವಿಧಾನಸಭೆಗಳಿಗೆ ಮತ ಹಾಕಲು ಆಗ 21 ವರ್ಷ ತುಂಬಿರಬೇಕಿತ್ತು. ಈ ಪಂಚಾಯತ್ ಚುನಾವಣೆಯಲ್ಲಿ 18 ತುಂಬಿದವರಿಗೂ ಮತದಾನದ ಹಕ್ಕು ಸಿಕ್ಕಿತು.

ಹಿಂದೆ ಪಂಚಾಯತ್, ಬೋರ್ಡುಗಳಲ್ಲಿ ಮಹಿಳೆಯರೇ ಇರಲಿಲ್ಲವೆಂದಲ್ಲ. ದೇಶದ ಹಲವು ಕಡೆ ಒಬ್ಬಿಬ್ಬರನ್ನು ನಾಮಕರಣ ಮಾಡಿ ಕೂರಿಸುವ ಪದ್ಧತಿ ಇತ್ತು. ಊರಿನ ಮುಖ್ಯಸ್ಥರ ಮನೆಯವರಿಗೋ ನೆಂಟರಿಗೋ ಸಿಗುತ್ತಿದ್ದ ಕುರ್ಚಿ ಅದು. ನಜೀರ್ ಸಾಬ್ ಅವರ ಕಾಯ್ದೆಯಲ್ಲಿ ಹಾಗಿರಲಿಲ್ಲ. ಮಹಿಳೆ ನಾಮಪತ್ರ ಸಲ್ಲಿಸಬೇಕು, ಮನೆ ಮನೆಗೆ ಹೋಗಿ ಮತ ಕೇಳಬೇಕು, ಇನ್ನೊಬ್ಬ ಮಹಿಳೆಯೊಡನೆ ಸ್ಪರ್ಧಿಸಿ ಗೆಲ್ಲಬೇಕು. ಗೆದ್ದವಳಿಗೆ ತನ್ನದೇ ಮತದಾರರು, ತನ್ನದೇ ಕ್ಷೇತ್ರ. ನಾಮಕರಣದ ಸದಸ್ಯೆಗೂ ಚುನಾಯಿತ ಸದಸ್ಯೆಗೂ ಇರುವ ವ್ಯತ್ಯಾಸ ಇದೇ.

ಹಳ್ಳಿಯಲ್ಲಿ ಹೆಣ್ಣುಮಕ್ಕಳು ಚುನಾವಣೆಗೆ ನಿಲ್ಲಲು ಮುಂದೆ ಬರುವುದಿಲ್ಲ, ಜಾಗ ಖಾಲಿ ಉಳಿಯುತ್ತದೆ ಎಂಬ ಶಂಕೆ ಸಾಕಷ್ಟಿತ್ತು. 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. 19 ಜಿಲ್ಲಾ ಪರಿಷತ್‌ಗಳಿಗೆ, ಎರಡೂವರೆ ಸಾವಿರಕ್ಕೂ ಹೆಚ್ಚು ಮಂಡಲ ಪಂಚಾಯತ್‌ಗಳಿಗೆ ಸದಸ್ಯರು ಆಯ್ಕೆಯಾದರು. ಅವರಲ್ಲಿ ಮಹಿಳೆಯರು ಸುಮಾರು 14 ಸಾವಿರ. ದೇಶದ ಯಾವ ರಾಜ್ಯದಲ್ಲೂ ಅಲ್ಲಿಯವರೆಗೆ ಇಷ್ಟು ದೊಡ್ಡ ಸಂಖ್ಯೆಯಲ್ಲಿ ಮಹಿಳೆಯರು ಜನರಿಂದ ಆಯ್ಕೆಯಾಗಿ ಬಂದಿರಲಿಲ್ಲ. ಶಂಕೆಗೆ ಉತ್ತರ ಸಿಕ್ಕಿತ್ತು. ಬಾಗಿಲು ತೆರೆದಿರಲಿಲ್ಲವೇ ಹೊರತು ಬರುವವರು ಇರಲಿಲ್ಲವೆಂದಲ್ಲ.

ಗೆದ್ದ ಮಾತ್ರಕ್ಕೆ ಎಲ್ಲವೂ ಸರಿಹೋಯಿತೆಂದಲ್ಲ. ಅನೇಕ ಕಡೆ ಸಭೆಯಲ್ಲಿ ಸದಸ್ಯೆಯ ಬದಲು ಗಂಡನೋ ಮೈದುನನೋ ಮಾತಾಡಿದ. ಸಹಿ ಹಾಕಲು ಪುಸ್ತಕ ಮನೆಗೇ ಬಂದ ಉದಾಹರಣೆಗಳೂ ಇದ್ದವು. ದಲಿತ ಸದಸ್ಯರಿಗೆ ಕುರ್ಚಿ ಬಿಟ್ಟುಕೊಡಲು ಹಿಂಜರಿದ ಊರುಗಳೂ ಇದ್ದವು. ಆದರೆ ಕುಡಿಯುವ ನೀರು, ಶಾಲೆ, ಹೆರಿಗೆ ಆಸ್ಪತ್ರೆಯ ವಿಷಯ ಬಂದಾಗ ಮನೆ ನಡೆಸುವವರಿಗೆ ಹೇಳುವುದಕ್ಕೆ ಇದ್ದೇ ಇತ್ತು. ಒಂದೆರಡು ವರ್ಷ ಕಳೆಯುವಷ್ಟರಲ್ಲಿ ಸೆರಗು ಹೊದ್ದು ಮೂಲೆಯಲ್ಲಿ ಕುಳಿತ ಎಷ್ಟೋ ಸದಸ್ಯೆಯರು ಎದ್ದು ನಿಂತು ಲೆಕ್ಕ ಕೇಳುವುದನ್ನು ಕಲಿತರು.

ಕರಾವಳಿಯ ಹಳ್ಳಿಗಳಿಗೆ ಇದರಲ್ಲಿ ವಿಶೇಷ ಅರ್ಥವಿತ್ತು. ಗಂಡಸರು ಮುಂಬಯಿಯ ಹೊಟೇಲುಗಳಲ್ಲಿ ದುಡಿದು ಮನಿಯಾರ್ಡರ್ ಕಳುಹಿಸುತ್ತಿದ್ದ ಮನೆಗಳಲ್ಲಿ ಗದ್ದೆ, ತೋಟ, ಮಕ್ಕಳ ಶಾಲೆ, ಹಿರಿಯರ ಔಷಧಿ ಎಲ್ಲ ನೋಡಿಕೊಳ್ಳುತ್ತಿದ್ದವರು ಹೆಂಗಸರೇ. ಮನೆಯ ಯಜಮಾನಿಕೆ ಮೊದಲೇ ಅವರದ್ದಾಗಿತ್ತು. ಊರಿನ ಯಜಮಾನಿಕೆಯಲ್ಲಿ ಪಾಲು ಕೊಟ್ಟದ್ದು ಈ ಕಾಯ್ದೆ.

ಸೋಲನ್ನೂ ಒಪ್ಪಿಕೊಂಡ ಸರಕಾರ

ಆ ಚುನಾವಣೆಯಲ್ಲಿ ಇನ್ನೊಂದು ವಿಶೇಷವೂ ಇತ್ತು. ಕಾಯ್ದೆ ತಂದದ್ದು ಜನತಾ ಪಕ್ಷದ ಸರಕಾರ. ಆದರೆ ಹಲವು ಜಿಲ್ಲಾ ಪರಿಷತ್‌ಗಳು ಕಾಂಗ್ರೆಸ್ ಪಾಲಾದವು. ಹಾಗೆಂದು ಅವುಗಳ ಅಧಿಕಾರವನ್ನು ಸರಕಾರ ಹಿಂದಕ್ಕೆ ಪಡೆಯಲಿಲ್ಲ. ವಿರೋಧ ಪಕ್ಷದ ಅಧ್ಯಕ್ಷರಿಗೂ ಅದೇ ದರ್ಜೆ, ಅದೇ ಅನುದಾನದ ವ್ಯವಸ್ಥೆ. ಅಧಿಕಾರ ಹಂಚುವುದೆಂದರೆ ತಮ್ಮವರಿಗೆ ಮಾತ್ರ ಹಂಚುವುದಲ್ಲ ಎಂಬುದು ನಜೀರ್ ಸಾಬ್ ಅವರ ಕೆಲಸದಲ್ಲಿ ಸ್ಪಷ್ಟವಾಗಿ ಕಂಡಿತು.

1987ರ ಏಪ್ರಿಲ್‌ನಿಂದ ಜಿಲ್ಲಾ ಪರಿಷತ್‌ಗಳು ಕೆಲಸ ಆರಂಭಿಸಿದವು. ಈ ವ್ಯವಸ್ಥೆಯ ಮೌಲ್ಯಮಾಪನಕ್ಕೆ ಸರಕಾರ ನೇಮಿಸಿದ್ದು ರಿಸರ್ವ್ ಬ್ಯಾಂಕಿನ ಮಾಜಿ ಉಪ ಗವರ್ನರ್ ಕೆ.ಎಸ್. ಕೃಷ್ಣಸ್ವಾಮಿ ಅವರ ಅಧ್ಯಕ್ಷತೆಯ ಸಮಿತಿಯನ್ನು. ಆ ಕಾಲದ ಅಧ್ಯಯನಗಳೂ ಅನುಭವಗಳೂ ಹೇಳಿದ ಒಂದು ಮುಖ್ಯ ಸಂಗತಿ ಎಂದರೆ ಹಳ್ಳಿ ಶಾಲೆಗಳಿಗೆ ಮೇಷ್ಟ್ರು ತಪ್ಪದೆ ಬರತೊಡಗಿದರು, ಆರೋಗ್ಯ ಕೇಂದ್ರದಲ್ಲಿ ವೈದ್ಯರು ಸಿಗತೊಡಗಿದರು ಎಂಬುದು. ಇದಕ್ಕೆ ಹೊಸ ಹಣವಾಗಲೀ ಹೊಸ ಕಟ್ಟಡವಾಗಲೀ ಕಾರಣವಲ್ಲ. ಕೇಳುವವರು ಊರಿನಲ್ಲೇ ಇದ್ದರು, ಅಷ್ಟೇ.

ಕೊನೆಯ ದಿನಗಳು

ತಾವು ನೆಟ್ಟ ಗಿಡ ಬೆಳೆದು ನಿಲ್ಲುವುದನ್ನು ಪೂರ್ತಿ ನೋಡುವ ಭಾಗ್ಯ ನಜೀರ್ ಸಾಬ್ ಅವರಿಗೆ ಇರಲಿಲ್ಲ. ಕ್ಯಾನ್ಸರ್ ಅವರನ್ನು ಕಾಡಿತು. 1988ರ ಆಗಸ್ಟ್‌ನಲ್ಲಿ ಹೆಗಡೆಯವರು ಮುಖ್ಯಮಂತ್ರಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಎಸ್.ಆರ್. ಬೊಮ್ಮಾಯಿಯವರು ಆ ಸ್ಥಾನಕ್ಕೆ ಬಂದರು. ಎರಡೇ ತಿಂಗಳಲ್ಲಿ ನಜೀರ್ ಸಾಬ್ ಕಣ್ಮುಚ್ಚಿದರು. ಮರುವರ್ಷ ಬೊಮ್ಮಾಯಿ ಸರಕಾರ ವಜಾ ಆಯಿತು. ಮಂಡಲ ಪಂಚಾಯತ್, ಜಿಲ್ಲಾ ಪರಿಷತ್‌ಗಳ ಐದು ವರ್ಷದ ಅವಧಿ 1992ರ ಆರಂಭದಲ್ಲಿ ಮುಗಿದಾಗ ಮತ್ತೆ ಚುನಾವಣೆ ನಡೆಯಲಿಲ್ಲ. ಜನಪ್ರತಿನಿಧಿಗಳ ಜಾಗದಲ್ಲಿ ಆಡಳಿತಾಧಿಕಾರಿಗಳು ಬಂದು ಕುಳಿತರು. ಇಷ್ಟು ಕಷ್ಟಪಟ್ಟು ಕಟ್ಟಿದ್ದು ಇಷ್ಟು ಸುಲಭವಾಗಿ ನಿಂತುಹೋಯಿತು.

ಆದರೆ ಕರ್ನಾಟಕದ ಪ್ರಯೋಗವನ್ನು ದೇಶ ಗಮನಿಸಿತ್ತು. ಪಂಚಾಯತ್‌ಗಳ ಅಳಿವು ಉಳಿವು ರಾಜ್ಯ ಸರಕಾರಗಳ ಮರ್ಜಿಗೆ ಬಿಟ್ಟದ್ದಾಗಬಾರದು ಎಂಬ ಚಿಂತನೆ ದಿಲ್ಲಿಯಲ್ಲೂ ಬಲವಾಯಿತು. 1989ರಲ್ಲಿ ರಾಜೀವ ಗಾಂಧಿಯವರು ತಂದ ಸಂವಿಧಾನ ತಿದ್ದುಪಡಿ ರಾಜ್ಯಸಭೆಯಲ್ಲಿ ಬಿದ್ದುಹೋದರೂ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಐದು ವರ್ಷಕ್ಕೊಮ್ಮೆ ಚುನಾವಣೆ ಕಡ್ಡಾಯವಾಯಿತು. ಮಹಿಳೆಯರಿಗೆ ಮೂರನೇ ಒಂದರಷ್ಟು ಸ್ಥಾನ ಮೀಸಲಾಯಿತು. ಅದೇ ವರ್ಷ ಕರ್ನಾಟಕ ಹೊಸ ಪಂಚಾಯತ್ ರಾಜ್ ಕಾಯ್ದೆ ಮಾಡಿಕೊಂಡಿತು. ಆ ಬಳಿಕ ನಡೆದ ಗ್ರಾಮ ಪಂಚಾಯತ್ ಚುನಾವಣೆಯಲ್ಲಿ ಮೀಸಲಾತಿಯ ಪ್ರಮಾಣವನ್ನೂ ಮೀರಿ ಮಹಿಳೆಯರು ಗೆದ್ದುಬಂದರು. ಅದಕ್ಕೆ ನೆಲ ಹದಮಾಡಿದ್ದು 1987. ಮುಂದೆ 2010ರಲ್ಲಿ ರಾಜ್ಯ ಮಹಿಳಾ ಮೀಸಲಾತಿಯನ್ನು ಶೇಕಡಾ 50ಕ್ಕೆ ಏರಿಸಿತು.

ಮೈಸೂರಿನಲ್ಲಿರುವ ರಾಜ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಂಸ್ಥೆಗೆ ಅಬ್ದುಲ್ ನಜೀರ್ ಸಾಬ್ ಅವರ ಹೆಸರಿಡಲಾಗಿದೆ. ಹೊಸದಾಗಿ ಗೆದ್ದ ಗ್ರಾಮ ಪಂಚಾಯತ್ ಸದಸ್ಯರಿಗೆ ಸಭೆ ನಡೆಸುವುದು, ಲೆಕ್ಕ ನೋಡುವುದು, ಯೋಜನೆ ಹಾಕುವುದನ್ನು ಕಲಿಸುವ ಸಂಸ್ಥೆ ಇದು. ಚುನಾವಣೆಗೆ ನಿಲ್ಲಿರಿ ಎಂದಷ್ಟೇ ಹೇಳಿ ಬಿಡದೆ, ನಿಂತು ಗೆದ್ದವರಿಗೆ ಕೆಲಸ ಕಲಿಸುವ ಜಾಗಕ್ಕೆ ಅವರ ಹೆಸರು ಇರುವುದು ಅತ್ಯಂತ ಉಚಿತ.

ಹೊರನಾಡ ಕನ್ನಡಿಗರ ಪಾಲು

ಕನ್ನಡ ಸಂಘಗಳ ಸದಸ್ಯರಲ್ಲಿ ಅನೇಕರು ಹುಟ್ಟೂರಿನ ದೇವಸ್ಥಾನದ ಜೀರ್ಣೋದ್ಧಾರಕ್ಕೆ, ಶಾಲೆಯ ಕಟ್ಟಡಕ್ಕೆ, ಬಡ ಮಕ್ಕಳ ಪುಸ್ತಕಕ್ಕೆ ಧಾರಾಳವಾಗಿ ನೆರವಾಗುತ್ತಾರೆ. ಅದು ಶ್ಲಾಘನೀಯ. ಆದರೆ ಆ ಶಾಲೆಗೆ ಶಿಕ್ಷಕರಿದ್ದಾರೆಯೇ, ಆ ರಸ್ತೆಯ ದುಡ್ಡು ಎಲ್ಲಿ ಹೋಯಿತು ಎಂದು ಕೇಳುವ ಜಾಗ ಗ್ರಾಮ ಸಭೆ. ಅಲ್ಲಿ ಕೂರಬೇಕಾದವರು ಊರಿನಲ್ಲೇ ಇರುವವರು. ಚುನಾವಣೆಗೆ ನಿಲ್ಲಲು ಆ ಪಂಚಾಯತಿಯ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು, 21 ವರ್ಷ ತುಂಬಿರಬೇಕು. ಗ್ರಾಮ ಪಂಚಾಯತ್ ಚುನಾವಣೆಗೆ ಪಕ್ಷದ ಟಿಕೆಟ್ ಬೇಕಿಲ್ಲ. ಅಲ್ಲಿ ಪಕ್ಷದ ಚಿಹ್ನೆಯೇ ಇಲ್ಲ. ಊರಿನಲ್ಲಿರುವ ಅತ್ತಿಗೆ, ತಂಗಿ, ಓದು ಮುಗಿಸಿ ಊರಿಗೇ ಮರಳಿದ ಅಣ್ಣನ ಮಗ ಇಂಥವರಲ್ಲಿ ಯೋಗ್ಯರಾದವರು ಹಿಂದೇಟು ಹಾಕುತ್ತಿದ್ದರೆ, ಹೊರಗಿನಿಂದ ಒಂದು ಧೈರ್ಯದ ಮಾತು ಬಂದರೆ ಸಾಕಾಗುತ್ತದೆ. ಬೇಡ ಸುಮ್ಮನಿರು, ಆ ಕೊಳಕು ನಮಗೇಕೆ ಎನ್ನುವ ಮಾತು ಮುಂಬಯಿಯಿಂದ ಫೋನಿನಲ್ಲಿ ಹೋದರೆ ಒಳ್ಳೆಯ ಅಭ್ಯರ್ಥಿಯೊಬ್ಬರು ಕಡಿಮೆಯಾಗುತ್ತಾರೆ. ಆ ಜಾಗ ಖಾಲಿ ಉಳಿಯುವುದಿಲ್ಲ. ಬೇರೆಯವರು ಬಂದು ಕೂರುತ್ತಾರೆ.

ಚುನಾವಣೆಯೇ ನಡೆಯದೆ ಅಧಿಕಾರಿಗಳ ಆಡಳಿತ ಮುಂದುವರಿಯುವ ಅಪಾಯ ಇಂದಿಗೂ ತಪ್ಪಿದ್ದಲ್ಲ. 2021ರಲ್ಲಿ ಕರ್ನಾಟಕದ ಜಿಲ್ಲಾ ಮತ್ತು ತಾಲೂಕು ಪಂಚಾಯತ್‌ಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಸಂವಿಧಾನದಲ್ಲಿ ಬರೆದದ್ದೂ ಕೇಳುವವರಿಲ್ಲದಿದ್ದರೆ ಕಾಗದದಲ್ಲೇ ಉಳಿಯುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ನಜೀರ್ ಸಾಬ್ ಅವರು ಕೊರೆಸಿದ ಎಷ್ಟೋ ಕೊಳವೆ ಬಾವಿಗಳು ಇಂದು ಬತ್ತಿವೆ. ನೀರಿನ ಸೆಲೆ ಇನ್ನೂ ಆಳಕ್ಕೆ ಇಳಿದಿದೆ. ಹಾಳಾದ ಪಂಪನ್ನು ಸರಿಪಡಿಸುವಂತೆ ಕೇಳಲು, ಹೊಸ ಬಾವಿ ಯಾವ ಕೇರಿಗೆ ಎಂದು ತೀರ್ಮಾನಿಸಲು ಊರಿನ ಸಾಮಾನ್ಯ ಹೆಣ್ಣುಮಗಳೊಬ್ಬಳು ಪಂಚಾಯತ್ ಸಭೆಯಲ್ಲಿ ಕುಳಿತಿದ್ದಾಳೆ. ಅವಳನ್ನು ಅಲ್ಲಿ ಕೂರಿಸಿದ ಕೆಲಸ ಬತ್ತಿಲ್ಲ. ಬರುವ ಚುನಾವಣೆಯಲ್ಲಿ ಅವಳ ಪಕ್ಕದಲ್ಲಿ ಇನ್ನೂ ನಾಲ್ಕು ಮಂದಿ ಪ್ರಾಮಾಣಿಕರು ಬಂದು ಕೂರುವಂತಾದರೆ ‘ನೀರ್ ಸಾಬ್’ ಅವರ ಸ್ಮರಣೆಗೆ ಅದಕ್ಕಿಂತ ದೊಡ್ಡ ಗೌರವ ಬೇರಿಲ್ಲ.